ಪರದೆಯ ಹಿಂದಿನ ಚಲುವಯ್ಯ

ಕ್ಲಬ್ಬಿನ ದೊರೆಗಳೂ ದೊರೆಸಾನಿಯರೂ ಜೋಡಿಜೋಡಿಯಾಗಿ ಕುಣಿಯುತ್ತಿದ್ದಾಗ, ಶಾಮಿಯಾನದ ಪರದೆ ಪರ್ರನೆ ಹರಿದು ಚಲುವಯ್ಯ ಅವರ ನಡುವೆ ಬಂದು ಬಿದ್ದ. ಒಬ್ಬನೇ ಬರಲಿಲ್ಲ, ಆರು ಕುರ್ಚಿಗಳನ್ನೂ ಜೊತೆಗೆ ಕರೆತಂದ. ಅವನ್ನು ಒಂದರ ಮೇಲೊಂದು ಪೇರಿಸಿ, ಮೇಲೆ ಹತ್ತಿ, ಬ್ಯಾಂಡಿನವರನ್ನು ಇಣುಕಿ ನೋಡಲು ಹೋಗಿ ಆದ ಫಜೀತಿ ಅದು. ಬ್ಯಾಂಡು ಮಾತ್ರ ನಿಲ್ಲಲಿಲ್ಲ. ಕುರ್ಚಿಗಳು ದಡದಡ ಉರುಳಿದ ಸದ್ದಿಗೆ ಡ್ರಮ್ಮಿನವನು ಅದೇ ಧಾಟಿಯಲ್ಲಿ ಒಂದು ಉತ್ತರ ಬಾರಿಸಿದ. ಬೋರಲು ಬಿದ್ದಿದ್ದ ಚಲುವಯ್ಯನಿಗೆ ಅದು ಬಹಳ ಹಿಡಿಸಿತು. ಕ್ಲಬ್ಬಿನ ಸೆಕ್ರೆಟರಿಗೆ ಹಿಡಿಸಲಿಲ್ಲ. ಆತ ಚಲುವಯ್ಯನ ರಟ್ಟೆ ಹಿಡಿಸಿ ಹೊರಗೆ ಹಾಕಿಸಿದ.

ಇದು ಸಾವಿರದ ಒಂಬೈನೂರ ನಲವತ್ತಾರರ ಮಾತು. ಚಲುವಯ್ಯ ಹಲಸೂರಿನವನು. ತಮಟೆ ಬಾರಿಸುವ ಮನೆತನ. ಅಪ್ಪನ ಜೊತೆ ಹತ್ತು ವರ್ಷದವನಿದ್ದಾಗಿನಿಂದ ಮದುವೆಗೂ ಮಸಣಕ್ಕೂ ಬಾರಿಸಿದವನು. ದೊಡ್ಡವನಾದ ಮೇಲೆ, ಆಗ ಜನ ಬ್ಲಾಕ್‌ಪಲ್ಲಿ ಅನ್ನುತ್ತಿದ್ದ ಶಿವಾಜಿನಗರದಲ್ಲಿ ಅಹ್ಮದ್ ಪಾಷಾನ ಶಾಮಿಯಾನದ ಅಂಗಡಿ ಸೇರಿದ. ಕ್ಲಬ್ಬುಗಳಲ್ಲಿ ಶಾಮಿಯಾನ ಕಟ್ಟಿ ಕುರ್ಚಿ ಹಾಕುವುದು, ಎಲ್ಲರೂ ಎದ್ದುಹೋದ ಮೇಲೆ ಬಿಚ್ಚಿ ಗಾಡಿಗೆ ತುಂಬುವುದು, ಇಷ್ಟೇ ಕೆಲಸ. ನಡುವಿನ ಮೂರು ಗಂಟೆ ಮಿಕ್ಕ ಆಳುಗಳು ಬೀಡಿ ಸೇದುತ್ತಿದ್ದರು. ಚಲುವಯ್ಯ ಪರದೆಗೆ ಕಿವಿ ಹಚ್ಚಿ ಬ್ಯಾಂಡಿನವರ ಜಾಜ್ ಸಂಗೀತ ಕೇಳುತ್ತಿದ್ದ. ಹೀಗೆ ಹನ್ನೆರಡು ವರ್ಷ. ಊದುವವರಲ್ಲಿ ಯಾರಿಗೆ ನೆಗಡಿಯಾಗಿದೆ ಎಂದು ಹೇಳಬಲ್ಲವನಾಗಿದ್ದ, ಆದರೆ ಒಬ್ಬರ ಮುಖವನ್ನೂ ಕಂಡವನಲ್ಲ. ನೂರಾರು ಜನಕ್ಕೆ ಕುರ್ಚಿ ಹಾಕಿದವನಿಗೆ ಒಂದು ಕುರ್ಚಿಯ ಯೋಗವಿರಲಿಲ್ಲ.

"ಜಾಜು ಜಾಜು ಅಂತ ಬಡ್ಕೊಂತೀಯ, ಒಂದು ಮೊಳ ಜಾಜಿ ತಂದಿದ್ದೀಯಾ ಮನೇಗೆ?" ಎಂದು ಹೆಂಡತಿ ಮುನಿಲಕ್ಷ್ಮಮ್ಮ ಹಂಗಿಸುತ್ತಿದ್ದಳು.

ಬಿದ್ದ ಮಾರನೆಯ ದಿನ ಪಾಷಾ ಅವನನ್ನು ಕೂರಿಸಿಕೊಂಡು ಹೇಳಿದ: "ದೇಖೋ ಚಲುವಯ್ಯ, ಭಾನುವಾರ ಅಲ್ಲೇ ದೊಡ್ಡ ಕಛೇರಿ ಐತೆ. ಈ ಬ್ಯಾಂಡಿಂದು ಇದೇ ಆಖ್ರಿ, ಆಮೇಲೆ ಎಲ್ಲಾ ಬೊಂಬಾಯಿಗೆ ಹೋಗ್ತಾರೆ. ನೀನು ಕುರ್ಚಿ ಹಾಕು, ಸೀದಾ ಮನೇಗೆ ನಡಿ. ಸೆಕ್ರೆಟರಿ ನಿನ್ನ ಮುಖ ನೋಡಿದ್ರೆ ನನ್ನ ಶಾಮಿಯಾನ ರೋಡಿಗೆ ಬರ್ತದೆ."

"ಇದೊಂದ್ಸಲ ಸಾಬ್ರೇ. ಮೂಲೇಲಿ ನಿಂತಿರ್ತೀನಿ."

"ನೀನು ನಿಂತ್ರೆ ಪರ್ವಾ ಇಲ್ಲ. ಬೀಳ್ತೀಯಲ್ಲ!"

ಭಾನುವಾರ ಬೆಳಗಿನಿಂದ ಹಲಸೂರು ಕೆರೆಯ ಕಡೆಯಿಂದ ಸೋನೆ ಹಿಡಿದಿತ್ತು. ಮೂರೂವರೆಗೆ ಚಲುವಯ್ಯ ಕೊನೆಯ ಸಾಲಿನ ಕುರ್ಚಿ ಒರೆಸಿ, ಹೆಗಲ ಮೇಲೆ ಟವೆಲು ಹಾಕಿಕೊಂಡು ಹೊರಟ. ಕಾಲು ಮುಂದೆ ಹೋಗುತ್ತಿತ್ತು, ಕಿವಿ ಹಿಂದೆ ಉಳಿದಿತ್ತು. ಆಗ ಡ್ರಮ್ಮಿನ ಸದ್ದು ಬಂತು: ದಬ್, ದಬ್. ಒದ್ದೆ ಹಾಸಿಗೆ ಬಡಿದ ಹಾಗೆ.

ಚಲುವಯ್ಯ ನಿಂತ. ಮಳೆಯ ತಂಪಿಗೆ ಡ್ರಮ್ಮಿನ ಚರ್ಮ ಸಡಿಲವಾಗಿಬಿಟ್ಟಿತ್ತು. ಡ್ರಮ್ಮಿನವನು ಬೆನ್ಸನ್ ಟೌನಿನ ನೋಯೆಲ್. ಸುತ್ತಲಿನ ತಿರುಪುಗಳನ್ನೆಲ್ಲ ಬಿಗಿದು ನೋಡಿದ, ಬಟ್ಟೆಯಲ್ಲಿ ಉಜ್ಜಿದ, ಕೊನೆಗೆ ಕೋಲು ಎಸೆದು ಟೀ ಕುಡಿಯಲು ಹೋದ. ಇಂಥ ಸದ್ದು ಕೇಳಿಯೂ ಮನೆಗೆ ಹೋಗುವುದು ಚಲುವಯ್ಯನಿಂದಾಗದ ಮಾತು. ಪಿಂಗಾಣಿ ತಟ್ಟೆಗಳ ಬುಟ್ಟಿಯಿಂದ ಒಣಹುಲ್ಲು ಕಿತ್ತುಕೊಂಡ, ಅಡಿಗೆಮನೆಯ ಸೂರಿನ ಕೆಳಗೆ ಉರಿ ಹಾಕಿದ, ನೋಯೆಲ್ ಬಿಟ್ಟುಹೋದ ಡ್ರಮ್ಮನ್ನು ತಂದು ಬೋರಲು ಹಿಡಿದು ತಮಟೆ ಕಾಯಿಸುವ ಹಾಗೆ ನಿಧಾನವಾಗಿ ತಿರುಗಿಸತೊಡಗಿದ. ಅವರ ಮನೆತನದಲ್ಲಿ ಕಾಯಿಸದೆ ಬಾರಿಸುವುದು ಹಲ್ಲುಜ್ಜದೆ ಉಂಡಂತೆ. ಪಾಪ, ಕ್ಲಬ್ಬಿನವರಿಗೆ ಅದು ಗೊತ್ತಿರಬೇಕಲ್ಲ.

"ಬೆಂಕಿ! ಡ್ರಮ್ಮಿಗೆ ಬೆಂಕಿ ಇಟ್ಟ!" ಎಂದು ಬಟ್ಲರು ಕೂಗಿದ. ಸೆಕ್ರೆಟರಿ ಓಡಿ ಬಂದ. ಆತನ ಹಿಂದೆ, "ಅಲ್ಲಾ! ಇವನು ಮತ್ತೆ ಬಂದ್ನಾ!" ಎನ್ನುತ್ತ ಪಾಷಾ.

"ಇನ್ನೊಂದ್ ಸುತ್ತು ಸ್ವಾಮಿ, ಆಯ್ತು," ಎಂದ ಚಲುವಯ್ಯ, ತಲೆಯೆತ್ತದೆ. ಚರ್ಮವನ್ನು ಕೆನ್ನೆಗೆ ಹಿಡಿದು ಕಾವು ನೋಡಿದ. ಆಮೇಲೆ ಬೆರಳ ತುದಿಯಿಂದ ಒಮ್ಮೆ ತಟ್ಟಿದ.

ಠಣ್!

ಟೀ ಬಟ್ಟಲು ಹಿಡಿದು ಬಂದ ನೋಯೆಲ್ ಬಾಗಿಲಲ್ಲೇ ನಿಂತ. ಬಟ್ಟಲು ಕೆಳಗಿಟ್ಟು ಡ್ರಮ್ಮು ಇಸಿದುಕೊಂಡ, ಬಾರಿಸಿದ, ಇನ್ನೊಮ್ಮೆ ಬಾರಿಸಿದ. ಸೆಕ್ರೆಟರಿಯ ಕಡೆ ತಿರುಗಿ ಇಂಗ್ಲಿಷಿನಲ್ಲಿ ಏನೋ ಹೇಳಿದ. ಸೆಕ್ರೆಟರಿ ಕೆಮ್ಮಿದ. ಪಾಷಾ ಅದನ್ನು ಕನ್ನಡಕ್ಕೆ ತಂದ: "ಮಳೆ ನಿಂತಿಲ್ಲ, ಮತ್ತೆ ಕಾಯಿಸ್ಬೇಕಾಗ್ತದಂತೆ. ಪಕ್ಕದಲ್ಲೇ ಕುರ್ಚಿ ಹಾಕ್ಕೊಂಡು ಕೂತ್ಕೊ. ನಿನ್ನ ನಸೀಬು!"

ಅಂದು ಸಂಜೆ ಚಲುವಯ್ಯ ತನಗಾಗಿ ಒಂದು ಕುರ್ಚಿ ಬಿಚ್ಚಿ ಹಾಕಿಕೊಂಡ. ಎರಡು ಗಂಟೆ ಅಲ್ಲಾಡಲಿಲ್ಲ. ಎರಡು ಸಲ ಕಾಯಿಸಲು ಎದ್ದದ್ದಷ್ಟೇ. ಹನ್ನೆರಡು ವರ್ಷ ಕಿವಿಯಲ್ಲಿ ಇಟ್ಟುಕೊಂಡಿದ್ದವರಿಗೆಲ್ಲ ಒಂದೊಂದಾಗಿ ಮುಖಗಳು ಬಂದವು. ಭಾರಿ ಆಳು ಎಂದುಕೊಂಡಿದ್ದ ತುತ್ತೂರಿಯವನು ಕಡ್ಡಿಯ ಹಾಗಿದ್ದ.

ಕಛೇರಿ ಮುಗಿದಾಗ ಬೆಳಕಿನ್ನೂ ಇತ್ತು. ಬ್ಯಾಂಡಿನವರು ಅವನ ಸುತ್ತ ನಿಂತರು. ನೋಯೆಲ್ ತನ್ನ ಅರೆಬರೆ ಕನ್ನಡದಲ್ಲಿ ಕೇಳಿದ: "ಹನ್ನೆರಡು ವರ್ಷ ಕೇಳ್ದೆ ಅಂತ ಪಾಷಾ ಹೇಳ್ದ. ನಮ್ದು ಮ್ಯೂಸಿಕ್‌ನಲ್ಲಿ ನಿಂಗೆ ಏನು ಅಷ್ಟು ಇಷ್ಟ ಆಯ್ತು, ಮ್ಯಾನ್?"

ತುತ್ತೂರಿಯವನೂ ಹತ್ತಿರ ಬಂದ. ಎಲ್ಲರೂ ಉತ್ತರಕ್ಕೆ ಕಾದರು. ಚಲುವಯ್ಯ ನಾಚಿಕೊಂಡು ಟವೆಲು ಕೊಡವಿದ.

"ಒಬ್ರು ಬಾರಿಸ್ತಿದ್ರೆ ಮಿಕ್ಕೋರು ಸುಮ್ನೆ ಕೂತಿರ್ತೀರಲ್ಲ ಸ್ವಾಮಿ, ಅದು. ನಮ್ ತಮಟೇಲಿ ಹಂಗೆ ಒಂದ್ ಗಳಿಗೆ ಕೂತ್ರೆ, ಬೈತಾರೆ."