ಮೌನಕ್ಕೊಂದು ಮೈಕು

ನವರಾತ್ರಿ ಮುಗಿದು ಹಳದೀಪುರದ ಗದ್ದೆಗಳು ಹಳದಿಗೆ ತಿರುಗುವ ಹೊತ್ತಿಗೆ ನಮ್ಮ ಮನೆ ಸಂತೆಯಾಗಿರುತ್ತದೆ. ದೀಪಾವಳಿಯ ತಯಾರಿ, ನೆಂಟರು, ಊರ ಸಂಘದ ಮೀಟಿಂಗು. ಎಲ್ಲರಿಗೂ ಚಹಾ ಮಾಡುವವಳು ಮಾತ್ರ ನಾನೊಬ್ಬಳೇ. ಹಾಗಾಗಿ ಶಾಲೆಯ ಕೆಲಸ ಮುಗಿಸಿ ಬಂದವಳು ಸಂಜೆ ಸ್ವಲ್ಪ ಹೊತ್ತು ತೋಟದಾಚೆಯ ಗದ್ದೆ ಬದುವಿನ ಮೇಲೆ ಕೂರುತ್ತಿದ್ದೆ. ಗಿಳಿಗಳು ಭತ್ತ ತಿನ್ನುವುದನ್ನು ಸುಮ್ಮನೆ ನೋಡುತ್ತಿದ್ದೆ, ಅಷ್ಟೇ.

ಇದು ಸಂಘದ ಕಾರ್ಯದರ್ಶಿಯಾದ ನನ್ನ ಮೈದುನನ ಕಣ್ಣಿಗೆ ಬಿತ್ತು. ಯಾರಾದರೂ ಸುಮ್ಮನಿದ್ದರೆ ಅವನಿಗೆ ತಡೆಯುವುದಿಲ್ಲ.

"ಅತ್ತಿಗೆ, ನೀವೊಬ್ರೇ ಕೂತ್ರೆ ಎಂತ ಬಂತು? ಇಡೀ ಊರಿಗೇ ಮಾಡ್ವ!" ಎಂದ.

ಮಾಡಿಯೇಬಿಟ್ಟ. 'ಮೌನ ಸಂಜೆ' ಎಂದು ಹೆಸರು. ನನ್ನ ಬದುವಿನ ಪಕ್ಕದಲ್ಲೇ ಶಾಮಿಯಾನ, ಕುರ್ಚಿ, ಜನರೇಟರು, ಮೈಕು. ಕುಮಟೆಯಿಂದ ಬಂದ ಮುಖ್ಯ ಅತಿಥಿಗಳು ಮೌನದ ಮಹತ್ವದ ಕುರಿತು ಮಾತಾಡತೊಡಗಿದರು, ನಿಲ್ಲಿಸುವ ಲಕ್ಷಣ ಕಾಣಲಿಲ್ಲ. ಗಿಳಿಗಳಿಗೆ ನಮಗಿಂತ ಬುದ್ಧಿಯಿದೆ. ಸ್ವಾಗತ ಭಾಷಣಕ್ಕೇ ಹಾರಿಹೋಗಿದ್ದವು.

ಚಹಾದ ಥರ್ಮಾಸು ಮರೆತೆನೆಂದು ಸುಳ್ಳು ಹೇಳಿ ಮನೆಗೆ ಬಂದೆ. ಅತ್ತೆ, ಮಕ್ಕಳು, ನೆಂಟರು, ಎಲ್ಲರೂ ಮೌನಕ್ಕೆ ಹೋಗಿದ್ದರು. ಮೈಕಿನ ಗೊಣಗಾಟ ತೋಟ ದಾಟಿ ಜಗಲಿಯವರೆಗೆ ಬರುತ್ತಿರಲಿಲ್ಲ. ನನಗಾಗಿ ಒಂದು ಲೋಟ ಚಹಾ ಮಾಡಿಕೊಂಡು ಅಲ್ಲೇ ಕಾಲು ಚಾಚಿ ಕೂತೆ.

ಕತ್ತಲಾದ ಮೇಲೆ ಮೈದುನ ಬೀಗುತ್ತಾ ಬಂದ. "ಅತ್ತಿಗೆ, ಜನ ಎಷ್ಟು ಬಂದಿದ್ರು ಗೊತ್ತುಂಟಾ! ಮುಂದಿನ ವರ್ಷ ಮೂರು ದಿನ ಮಾಡ್ವ."

"ಆತು," ಎಂದೆ. "ವಾರವಿಡೀ ಮಾಡು. ಮನೆಯವ್ರನ್ನ ಒಬ್ರನ್ನೂ ಬಿಡ್ದೇ ಕರ್ಕೊಂಡು ಹೋಗು."