ಒಂದಕ್ಷರದ ಒಂಬತ್ತು ಉತ್ತರ

ಬೆಳಿಗ್ಗೆ ಐದು ಗಂಟೆ ನಲವತ್ತು ನಿಮಿಷಕ್ಕೆ ಫುಕುಶಿ ಚಿಸಾಟೊ ಒದ್ದೆ ಕೈಗವಸನ್ನು ಒಲೆಯ ಪಕ್ಕ ಒಣಗಲು ಹಾಕುತ್ತಿದ್ದಳು. ಬಾಗಿಲ ಮುಂದಿನ ಹಿಮ ತಳ್ಳಿ ಆಗಷ್ಟೇ ಒಳಗೆ ಬಂದಿದ್ದಳು. ತಾಯಿ ಗಂಜಿಯ ಬಟ್ಟಲನ್ನು ಮುಂದಿಟ್ಟು ಒಂದೇ ಅಕ್ಷರ ಹೇಳಿದರು.

"ಕೆ."

"ಕು," ಅಂದಳು ಚಿಸಾಟೊ.

ತಿನ್ನು, ತಿನ್ನುತ್ತೇನೆ. ಜಪಾನಿನ ಬಡಗಣ ಭಾಗದ ತ್ಸುಗಾರು ಸೀಮೆಯಲ್ಲಿ ಇಷ್ಟೇ ಸಾಕು. ಚಳಿಯಲ್ಲಿ ಬಾಯಿ ತೆರೆಯಲು ಬೇಸರಪಟ್ಟು ಮಾತು ಗಿಡ್ಡವಾಯಿತೆಂದು ನಮ್ಮವರೇ ನಗುತ್ತಾರೆ. ಆದರೆ ಆವತ್ತು ಚಮಚ ಬಾಯಿಗೆ ಹೋಗುವ ಮೊದಲೇ ನಿಂತಿತು.

"ಏನಾಯ್ತೇ? ಉಪ್ಪು ಜಾಸ್ತಿನಾ?"

"ಅಮ್ಮ, ಈಗ ಏನಂದೆ?"

"ತಿನ್ನು ಅಂದೆ. ಊರೋರ ಮಾತೆಲ್ಲ ಪರೀಕ್ಷೆ ಮಾಡೋಳಿಗೆ ಅಮ್ಮನ ಮಾತು ಕೇಳಿಸಲ್ವಾ?"

ಅವಳು ಗಂಜಿ ಹಾಗೇ ಬಿಟ್ಟು ಕೋಟು ತೊಟ್ಟಳು.

ಚಿಸಾಟೊ ನಮ್ಮ ಆಸ್ಪತ್ರೆಯ ಮಾತಿನ ಚಿಕಿತ್ಸಕಿ. ಮಿದುಳಿನ ಪೆಟ್ಟಿನಿಂದ ಮಾತು ಕಳೆದುಕೊಂಡವರಲ್ಲಿ ಎಷ್ಟು ಹೋಗಿದೆ, ಎಷ್ಟು ಉಳಿದಿದೆ ಎಂದು ಅಳೆಯುವುದು ಅವಳ ಕೆಲಸದ ಮೊದಲ ಅರ್ಧ. ಹತ್ತೊಂಬತ್ತು ವರ್ಷದಿಂದ ಅದನ್ನೇ ಮಾಡುತ್ತಿದ್ದಾಳೆ. ಸೆಂಡಾಯಿ ನಗರಕ್ಕೆ ಓದಲು ಹೋದ ಮೊದಲ ದಿನ 'ನಾನು' ಎನ್ನಲು ಊರಿನಂತೆ 'ವಾ' ಎಂದಿದ್ದಕ್ಕೆ ಇಡೀ ತರಗತಿ ನಕ್ಕಿತ್ತು. ಆಮೇಲೆ ಮೂರು ವರ್ಷ ಅವಳು ರೇಡಿಯೋ ವಾರ್ತೆಯನ್ನು ಗಟ್ಟಿಯಾಗಿ ಅನುಕರಿಸಿ ನಾಲಗೆ ತಿದ್ದಿಕೊಂಡಳು. ಬಿಳಿ ಕೋಟು ತೊಟ್ಟ ಕೂಡಲೇ ನಾಲಗೆಯ ಜೊತೆ ಕಿವಿಯೂ ಬದಲಾಗುತ್ತಿತ್ತು. ಅದು ಅವಳಿಗೆ ಗೊತ್ತಾಗಿದ್ದು ಆ ಬೆಳಿಗ್ಗೆ.

ಎರಡು ದಿನದ ಹಿಂದೆ ಅವಳು ಅಕಾಯಿಶಿ ತೊಕುಜಿ ಎಂಬ ಸೇಬು ಬೆಳೆಗಾರರನ್ನು ಪರೀಕ್ಷಿಸಿದ್ದಳು. ವಯಸ್ಸು ಎಪ್ಪತ್ತೊಂದು, ಐದು ವಾರದ ಹಿಂದೆ ಪಾರ್ಶ್ವವಾಯು. ಇಪ್ಪತ್ತು ಚಿತ್ರ ತೋರಿಸಿ, ಪ್ರತಿಯೊಂದರಲ್ಲೂ ಏನಿದೆ ಹೇಳಿ ಎಂದು ಕೇಳಿದ್ದಳು. ನಾಲ್ಕಕ್ಕೆ ಸರಿಯಾದ ಉತ್ತರ ಬಂತು. ಏಳಕ್ಕೆ ಮೌನ. ಉಳಿದ ಒಂಬತ್ತಕ್ಕೂ 'ಕೆ'. ವರದಿಯಲ್ಲಿ ಅವಳು ಬರೆದದ್ದು: 'ಅರ್ಥವಿಲ್ಲದ ಒಂದೇ ಉಲಿ, ಪದೇಪದೇ.' ಈ ದಿನ ಒಂಬತ್ತೂವರೆಯ ಸಭೆಯಲ್ಲಿ, ತೊಕುಜಿಗೆ ಇಲ್ಲೇ ಚಿಕಿತ್ಸೆ ಮುಂದುವರಿಸಿ ಮನೆಗೆ ಕಳಿಸುವುದೋ, ಅಥವಾ ಕಾಯಂ ಆರೈಕೆಯ ನಿಲಯಕ್ಕೆ ಸಾಗಿಸುವುದೋ ತೀರ್ಮಾನವಾಗಬೇಕಿತ್ತು. ಆ ವರದಿ ಇದ್ದರೆ ನಿಲಯವೇ ಗತಿ.

ಏಳು ಗಂಟೆ ಐದು ನಿಮಿಷಕ್ಕೆ ಅವಳು ಆಸ್ಪತ್ರೆಯಲ್ಲಿ ಆ ಪರೀಕ್ಷೆಯ ಧ್ವನಿಮುದ್ರಣ ಹಾಕಿಕೊಂಡು ಕೂತಳು. ಕೂತಳು ಅಂದರೆ ತಪ್ಪು. ಎದ್ದಳು, ಕೂತಳು, ಮತ್ತೆ ಎದ್ದಳು. ಸೊಳ್ಳೆ ಕಚ್ಚಿದ ತೋಳು ಕೆರೆಯುವ ಹುಡುಗಿಯ ಚಿತ್ರಕ್ಕೆ 'ಕೆ'. ನಮ್ಮಲ್ಲಿ ತುರಿಕೆಗೂ ಅದೇ ಮಾತು. ಕೈ ಚಾಚಿದ ಮಗುವಿಗೆ ಮೋಟು 'ಕೆ', ಕೊಡು. ಕೈಬೀಸಿ ಕರೆಯುವ ಮುದುಕಿಗೆ ಎಳೆದ 'ಕೆ', ಬಾ. ಗಂಜಿಯ ಬಟ್ಟಲಿಗೂ 'ಕೆ', ಯಾಕೆಂದರೆ ಗಂಜಿಯ ಹೆಸರೇ ಅದು. ಇಂಥವೇ ಇನ್ನೆರಡು. ಒಂಬತ್ತರಲ್ಲಿ ಆರು ಸರಿ. ಉಳಿದ ಮೂರು ನಿಜಕ್ಕೂ ಪೊಳ್ಳು. ಆ ಮೂರನ್ನು ನಾಲ್ಕು ಸಲ ಕೇಳಿದಳು, ಸರಿ ಎನ್ನಲು ಆಸೆಯೂ ಪಟ್ಟಳು. ಆಗಲಿಲ್ಲ. ತಪ್ಪೆಂದೇ ಬಿಟ್ಟಳು.

'ಊರಿನ ಆಡುಮಾತಿನಲ್ಲಿ ಬಂದ ಉತ್ತರವೂ ಸರಿ' ಎಂಬ ಸಾಲು ಪರೀಕ್ಷೆಯ ಕೈಪಿಡಿಯಲ್ಲೇ ಇದೆ. ಅವಳಿಗೆ ಅದು ಬಾಯಿಪಾಠ.

ಎಂಟೂವರೆಗೆ ತೊಕುಜಿಯ ಹಾಸಿಗೆಯ ಹತ್ತಿರ ಸ್ಟೂಲು ಎಳೆದುಕೊಂಡು, ಊರ ಮಾತಿನಲ್ಲೇ ಕೇಳಿದಳು, "ರಾತ್ರಿ ನಿದ್ದೆ ಬಂತಾ ಅಪ್ಪಾ?"

ತೊಕುಜಿ ಬೆಚ್ಚಿ ಹೆಂಡತಿಯ ಮುಖ ನೋಡಿದರು. ಹೆಂಡತಿ ಮಿಚಿ ಕೈಯಲ್ಲಿದ್ದ ಟವೆಲ್ ಕೆಳಗಿಟ್ಟರು.

"ಅಯ್ಯೋ ಮೇಡಂ, ನೀವು ಈ ಕಡೆಯೋರಾ?"

"ಇಲ್ಲೇ ಇತಾಯನಗಿಯೋಳು, ಅಮ್ಮಾ. ಸ್ಟೇಷನ್ ಹಿಂದುಗಡೆ."

"ಮತ್ತೆ ಮೊನ್ನೆ ಯಾಕೆ ರೇಡಿಯೋ ಥರ ಮಾತಾಡಿದ್ರಿ? ಟೋಕಿಯೋದಿಂದ ಬಂದಿದಾರೆ, ನೆಟ್ಟಗೆ ಕೂತ್ಕೊಳ್ಳಿ ಅಂತ ನಾನು ಇವರಿಗೆ ಬೈದೆ!"

ತೊಕುಜಿ ಆಡುವ ಎಡಗೈಯ ಎರಡು ಬೆರಳನ್ನು ಕತ್ತರಿಯಂತೆ ಆಡಿಸಿದರು. ಫೆಬ್ರವರಿ ಅರ್ಧ ಕಳೆದಿತ್ತು, ಸೇಬಿನ ಕೊಂಬೆ ಸವರುವ ಕಾಲ. "ಕೆ," ಅಂದರು.

"ಕೊಡು ಅಂತಾನಾ?"

ತೊಕುಜಿಯ ತಲೆ ಹೌದೆಂದು ಜೋರಾಗಿ ಆಡಿತು.

"ಕತ್ತರಿ ನನ್ನ ಕೈಲಿಲ್ಲ ಅಪ್ಪಾ. ಮನೆಗೆ ಕಳಿಸ್ತಾರಾ ಅಂತ ಡಾಕ್ಟರನ್ನ ಕೇಳಿ ಬರ್ತೀನಿ."

ಸಭೆಯಲ್ಲಿ ಡಾಕ್ಟರ್ ಮಿನಾಮಿ ಹಳೆಯ ವರದಿಯನ್ನೂ ಚಿಸಾಟೊ ಆ ಬೆಳಿಗ್ಗೆ ತಿದ್ದಿ ಬರೆದದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಅವರು ದೂರದ ಕೋಬೆ ಕಡೆಯವರು, ಈ ಸೀಮೆಯ ಮಾತು ಬಾರದವರು.

"ಪುಸ್ತಕದ ಭಾಷೇಲಿ ಕೆ ಅಂದ್ರೆ ಕೂದಲು ಅಲ್ವಾ?"

ಚಿಸಾಟೊ ಒಂದೊಂದೇ ಚಿತ್ರ ಎತ್ತಿ ಹಿಡಿದು ಧ್ವನಿಮುದ್ರಣ ಹಾಕಿದಳು. ಮೊದಲನೆಯದಕ್ಕೇ ಹಿರಿಯ ನರ್ಸ್ ನರಿತಾ "ತುರಿಕೆ!" ಎಂದು ಕೂಗಿಬಿಟ್ಟರು. ಮುಂದಿನದಕ್ಕೆ "ಕೊಡು!" ಎಂದು ಇಬ್ಬರು, ಅದರ ಮುಂದಿನದಕ್ಕೆ "ಬಾ!" ಎಂದು ಮೇಜಿನ ಸುತ್ತಲೂ ಎಲ್ಲರೂ.

"ನೀವೆಲ್ಲ ಸೇರಿ ನನ್ನನ್ನ ಆಟ ಆಡಿಸ್ತಿಲ್ಲ ತಾನೆ?" ಎಂದರು ಡಾಕ್ಟರ್.

"ಡಾಕ್ಟರೇ, ಎಂಟು ವರ್ಷದಿಂದ ಕ್ಯಾಂಟೀನಿನ ಅಜ್ಜಿ ತಟ್ಟೆ ಕೊಡ್ತಾ ನಿಮಗೆ 'ಕೆ' ಅಂತಾರೆ. ನೀವು ಪ್ರತಿಸಲ ತಲೆ ಸವರಿಕೊಳ್ತೀರಿ," ಅಂದರು ನರಿತಾ.

ಡಾಕ್ಟರೂ ನಕ್ಕರು. ಇಪ್ಪತ್ತಕ್ಕೆ ನಾಲ್ಕು ಇದ್ದದ್ದು ಹತ್ತಾಯಿತು. ಇನ್ನು ಮೂರು ತಿಂಗಳು ಇಲ್ಲೇ ಚಿಕಿತ್ಸೆ, ಆಮೇಲೆ ಮನೆ ಎಂದು ಬರೆದು ಸಹಿ ಹಾಕಿದರು. ಪೆನ್ನು ಮುಚ್ಚಲಿಲ್ಲ.

"ಫುಕುಶಿ ಅವರೇ, 'ಅರ್ಥವಿಲ್ಲದ ಒಂದೇ ಉಲಿ' ಅಂತ ಬೇರೆಯವರಿಗೂ ಬರೆದಿದ್ದೀರಾ?"

ನಗು ನಿಂತಿತು.

"ಬರೆದಿದ್ದೀನಿ. ಸಭೆಗೆ ಮುಂಚೆ ಹಳೇ ವರದಿಗಳನ್ನ ಹುಡುಕಿದೆ," ಅಂದಳು ಚಿಸಾಟೊ. ಕೈಯಲ್ಲಿದ್ದ ಹಾಳೆಯನ್ನು ಮಡಚಿ ಬಿಚ್ಚುತ್ತಿದ್ದಳು. "ಎಲ್ಲವೂ ತಪ್ಪಿರಲ್ಲ. ಯಾವುದು ತಪ್ಪು ಅಂತ ಮತ್ತೆ ಕೇಳಿದ ಮೇಲೇ ಗೊತ್ತಾಗೋದು. ಧ್ವನಿಮುದ್ರಣ ಇಲ್ಲದೆ ಇರೋರನ್ನ, ಬದುಕಿದ್ದರೆ, ಹುಡುಕಿಕೊಂಡು ಹೋಗಬೇಕು."

"ಹಾಗೆ ಬರೆದದ್ದು ಒಟ್ಟು ಎಷ್ಟು ಜನಕ್ಕೆ?"

"ನಲವತ್ತೊಂದು."