ಉಣ್ಣದೆ ಹೇಳಿದ ರುಚಿ

ಆ ದಾರಿಯ ಬಸ್ಸಿನಲ್ಲಿ ಓಡಾಡುವವರು ಕಂಡಕ್ಟರನ ನಿಜವಾದ ಹೆಸರನ್ನು ಕೇಳಿದವರೇ ಅಲ್ಲ. ಬೇರೆಯವರು ಒಂದು ಸಲ ರೈಟ್ ಅನ್ನುವ ಕಡೆ ಇವನು ರಾಗ ಎಳೆದು ಮೂರು ಸಲ ಅನ್ನುತ್ತಿದ್ದ, ಹಾಗಾಗಿ ರೈಟಣ್ಣ. ಬೆಳಗ್ಗೆ ಆರೂವರೆಗೆ ಡಿಪೋದಿಂದ ಹೊರಟು, ಹನ್ನೊಂದು ಸಣ್ಣ ಊರು ದಾಟಿ, ಸಂಜೆಯೊಳಗೆ ಅದೇ ದಾರಿಯಲ್ಲಿ ವಾಪಸ್ಸು. ಇಪ್ಪತ್ತೇಳು ವರ್ಷ ಇದೇ ಕೆಲಸ. ನಡುವೆ ಡ್ರೈವರುಗಳು ಬದಲಾದರು, ಬಸ್ಸುಗಳು ಬದಲಾದವು, ಇವನು ಮಾತ್ರ ಹಿಂದಿನ ಬಾಗಿಲ ಪಕ್ಕದ ಸೀಟು ಬಿಟ್ಟು ಅಲುಗಲಿಲ್ಲ.

ಟಿಕೆಟ್ ಹರಿದು ಯಾರೂ ಹೆಸರು ಮಾಡುವುದಿಲ್ಲ ಬಿಡಿ. ರೈಟಣ್ಣ ಹೆಸರು ಮಾಡಿದ್ದೇ ಬೇರೆ ವಿಷಯಕ್ಕೆ. ಯಾವ ಊರಲ್ಲಿ ಎಲ್ಲಿ ಊಟ ಚೆನ್ನ, ಮುಂದಿನ ಬಸ್ಸು ಬರುವ ತನಕ ಹೊತ್ತು ಕಳೆಯಲು ಎಲ್ಲಿಗೆ ಹೋಗಬೇಕು ಎಂದು ಕೇಳುವುದಿದ್ದರೆ ಅವನನ್ನೇ ಕೇಳಬೇಕು.

"ಸ್ಟ್ಯಾಂಡ್ ಎದುರಿಗೆ ಬಣ್ಣದ ದೀಪ ಹಾಕ್ಕೊಂಡಿದೆ ನೋಡಿ, ಅಲ್ಲಿಗೆ ಮಾತ್ರ ಹೋಗ್ಬೇಡಿ ಸಾರ್. ಹಿಂದಿನ ಗಲ್ಲಿಗೆ ಹೋಗಿ. ಚಪ್ಪಲಿ ಹೊಲಿಯೋನು ಕೂತಿರ್ತಾನೆ, ಅವನ ಪಕ್ಕ ನೀಲಿ ಬಾಗಿಲು. ಬೋರ್ಡು ಇಲ್ಲ, ನಾಲ್ಕೇ ಮೇಜು. ಹುರಿದ ಮೀನು ತಟ್ಟೆಗೆ ಬಂದಾಗ ಇನ್ನೂ ಚುಂಯ್ ಅಂತಿರುತ್ತೆ. ಹಾಗೇ ಮೇಲೆ ಒಂದು ನಿಂಬೆಹಣ್ಣು ಹಿಂಡ್ಕೊಳ್ಳಿ, ಅಷ್ಟೇ."

ಅವನು ಬಾಯಿ ಚಪ್ಪರಿಸಿ ಹೇಳುವುದನ್ನು ಕೇಳಿದರೆ, ಮನೆಯಲ್ಲಿ ಉಂಡು ಬಂದವನೂ ಇಳಿದು ಹೋಗಬೇಕು. ಊಟ ಒಂದೇ ಅಲ್ಲ. ಐದನೇ ಊರಿನ ಟಾಕೀಸಿನಲ್ಲಿ ಬಾಲ್ಕನಿ ಬೇಡ, ಕೆಳಗೆ ಎಡಗಡೆ ಕೂತ್ಕೊಳ್ಳಿ, ಫ್ಯಾನು ಅಲ್ಲಿ ಮಾತ್ರ ತಿರುಗುತ್ತೆ ಅನ್ನುತ್ತಿದ್ದ. ಒಂಬತ್ತನೇ ಊರಿನ ಹಳೇ ಗೋದಾಮಿನಲ್ಲಿ ಚಕ್ರದ ಬೂಟು ಬಾಡಿಗೆಗೆ ಕೊಡುತ್ತಾರೆ, ಐವತ್ತು ದಾಟಿದವರೂ ಬಿದ್ದು ಎದ್ದು ನಗುತ್ತಾ ಬರುತ್ತಾರೆ ಅನ್ನುತ್ತಿದ್ದ. ಕೊನೆಯ ಊರಿನ ಪಾರ್ಕಿನಲ್ಲಿ ಶನಿವಾರ ಕ್ಷೌರದಂಗಡಿಯವರೆಲ್ಲ ಸೇರಿ ಬ್ಯಾಂಡ್ ಬಾರಿಸುವುದೂ ಅವನಿಗೆ ಗೊತ್ತು.

ಈಗ ನಿಜ ಹೇಳುತ್ತೇನೆ, ನಗಬೇಡಿ. ಈ ಪುಣ್ಯಾತ್ಮ ಆ ಹೋಟೆಲುಗಳಲ್ಲಿ ಒಂದರಲ್ಲೂ ಒಂದು ತುತ್ತು ಉಂಡವನಲ್ಲ. ಆ ಟಾಕೀಸಿನ ಒಳಗೆ ಕಾಲಿಟ್ಟವನಲ್ಲ.

ಶುರುವಾದದ್ದು ಹೀಗೆ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಬಸ್ಸು ಊಟಕ್ಕೆ ಮುಕ್ಕಾಲು ಗಂಟೆ ನಿಲ್ಲುವ ಏಳನೇ ಊರಿನಲ್ಲಿ, ಹೊಸದಾಗಿ ಮದುವೆಯಾದ ಗಂಡ ಹೆಂಡತಿ ಒಳ್ಳೇ ಹೋಟೆಲ್ ಯಾವುದು ಎಂದು ಕೇಳಿದರು. ಕಂಡಕ್ಟರಾಗಿ ಗೊತ್ತಿಲ್ಲ ಅನ್ನುವುದು ಹೇಗೆ? ನಾಚಿಕೆಯಾಯಿತು. ಹಿಂದಿನ ವಾರ ಸಿಡುಕು ಮೋರೆಯ ಮೇಷ್ಟ್ರೊಬ್ಬರು ಹಿಂದಿನ ಗಲ್ಲಿಗೆ ಹೋದವರು ವಾಪಸ್ಸು ಬಂದು ತಮ್ಮ ಕಿಟಕಿ ಪಕ್ಕದ ಸೀಟನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟಿದ್ದು ನೆನಪಿತ್ತು. ಅದೇ ಗಲ್ಲಿ ತೋರಿಸಿದ. ಹೋದವರು ಬಂದು ಅವನ ಕೈ ಕುಲುಕಿದರು.

ಅಲ್ಲಿಂದ ಅದೇ ಅವನ ವಿದ್ಯೆಯಾಯಿತು. ಇಳಿದು ಹೋದವರು ವಾಪಸ್ಸು ಬರುವಾಗಿನ ಮುಖ ನೋಡುತ್ತಿದ್ದ. ಸುಮ್ಮನೆ ಹೊಟ್ಟೆ ತುಂಬಿಸಿಕೊಂಡು ಬಂದವನು ಕೂತ ಕೂಡಲೇ ಕಣ್ಣು ಮುಚ್ಚುತ್ತಾನೆ. ಚೆನ್ನಾಗಿ ಉಂಡು ಬಂದವನು ಪಕ್ಕದವನನ್ನು ಮಾತಾಡಿಸುತ್ತಾನೆ. ಅಂಥವನು ಸಿಕ್ಕಿದ್ದೇ ಸಾಕೆಂದು ರೈಟಣ್ಣ ಏನು ತಿಂದಿರಿ, ಹೇಗಿತ್ತು, ಖಾರ ಎಷ್ಟು ಎಂದು ಕೆದಕಿ ಕೆದಕಿ ಕೇಳುತ್ತಿದ್ದ. ಕೇಳಿದ್ದನ್ನು ಮಾರನೇ ದಿನ ತಾನೇ ಉಂಡ ಹಾಗೆ ಇನ್ನೊಬ್ಬರಿಗೆ ಹೇಳುತ್ತಿದ್ದ. ಮೋಸ ಅಂತ ಅವನಿಗೆ ಅನ್ನಿಸಿರಲಿಲ್ಲ. ಎಲ್ಲರಿಗೂ ಒಳ್ಳೆಯದೇ ಆಗುತ್ತಿತ್ತಲ್ಲ.

ತಾನೇಕೆ ಇಳಿಯಲಿಲ್ಲ ಅಂತೀರಾ? ಡಬ್ಬಿ ಇತ್ತು, ಅದಕ್ಕೆ. ಹೆಂಡತಿ ನಾಲ್ಕು ಗಂಟೆಗೆ ಎದ್ದು ಕಟ್ಟಿಕೊಟ್ಟ ಎರಡು ಅಂತಸ್ತಿನ ಸ್ಟೀಲ್ ಡಬ್ಬಿ. ಕೆಳಗೆ ಅನ್ನ, ಮೇಲೆ ಬೇಯಿಸಿದ ಆಲೂಗಡ್ಡೆ, ಒಂದು ಮೊಟ್ಟೆ. ಮದುವೆಯಾದ ಹೊಸದರಲ್ಲಿ ಅವನಿಗೆ ಹೊಟ್ಟೆಯುರಿ ಇತ್ತು, ಡಾಕ್ಟರು ಎಣ್ಣೆ ಖಾರ ಮುಟ್ಟಬೇಡ ಎಂದಿದ್ದರು. ಹೊಟ್ಟೆ ಎರಡು ವರ್ಷಕ್ಕೆ ಸರಿಹೋಯಿತು. ಡಬ್ಬಿ ಮಾತ್ರ ಸರಿಹೋಗಲಿಲ್ಲ. ಇವನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಡ್ರೈವರು ಇಳಿದು ಹೋದ ಮೇಲೆ ಖಾಲಿ ಬಸ್ಸಿನಲ್ಲಿ ಕೂತು ಇವನು ಡಬ್ಬಿ ಬಿಚ್ಚುತ್ತಿದ್ದ. ಒಂದು ಅಗುಳೂ ಉಳಿಸುತ್ತಿರಲಿಲ್ಲ.

ಹೀಗೇ ನಡೆದು ರಿಟೈರ್ ಆಗುವ ದಿನ ಬಂತು. ಡಿಪೋದ ಶೆಡ್ಡಿನಲ್ಲಿ ಕುರ್ಚಿ ಹಾಕಿಸಿ, ಮೈಕು ತರಿಸಿ, ಗೋಡೆ ಗಡಿಯಾರವೊಂದನ್ನು ಕಾಣಿಕೆ ಕೊಟ್ಟರು. ಹೆಂಡತಿಯನ್ನೂ ಮುಂದಿನ ಸಾಲಿನಲ್ಲಿ ಕೂರಿಸಿದರು. ಅವಳು ಒಳ್ಳೆಯ ಸೀರೆ ಉಟ್ಟು, ಸಂಕೋಚದಿಂದ ಮುದುಡಿ ಕೂತಿದ್ದಳು. ನಾಲ್ಕು ಒಳ್ಳೆಯ ಮಾತು ಕೇಳುವ ಆಸೆ ಅವಳಿಗೂ ಇತ್ತು.

ದಿನವೂ ಬಸ್ಸಿಗೆ ಬರುತ್ತಿದ್ದ ಬ್ಯಾಂಕಿನ ಗುಮಾಸ್ತರು ಮೈಕು ಹಿಡಿದರು. "ರೈಟಣ್ಣನ ನಾಲಿಗೆ ಇದೆಯಲ್ಲ, ಅದಕ್ಕೆ ಬಂಗಾರದ ಕವಚ ಹಾಕ್ಬೇಕು. ಹನ್ನೊಂದು ಊರಿನ ಹೋಟೆಲು ಅರೆದು ಕುಡಿದಿದಾರೆ. ಇಂಥಾ ತಿಂಡಿಪೋತರನ್ನ ನಾನು ನೋಡೇ ಇಲ್ಲ," ಎಂದರು. ಶೆಡ್ಡಿನ ತುಂಬ ಚಪ್ಪಾಳೆ. ಆಮೇಲೆ ಮಾತಾಡಿದವರೂ ಅದನ್ನೇ ಹೇಳಿದರು. ಒಬ್ಬರು ಮೀನು ಅಂದರು, ಒಬ್ಬರು ಸೂಪು ಅಂದರು. ರೈಟಣ್ಣ ಹಲ್ಲು ಬಿಟ್ಟುಕೊಂಡು ಕೂತಿದ್ದವನು ಪಕ್ಕಕ್ಕೆ ತಿರುಗಿ ನೋಡಿದ. ಹೆಂಡತಿ ಚಪ್ಪಾಳೆ ತಟ್ಟದೆ ಅವನನ್ನೇ ದಿಟ್ಟಿಸುತ್ತಿದ್ದಳು.

ಮನೆಗೆ ಬಂದವಳೇ ಬಾಗಿಲು ಹಾಕಿಕೊಂಡು ಕೇಳಿದಳು.

"ಡಬ್ಬಿ ಯಾರಿಗೆ ಹಾಕ್ತಿದ್ರಿ? ನಾಯಿಗಾ?"

"ಏನೇ ನೀನು ಹೇಳೋದು. ನಾನೇ ತಿಂತಿದ್ದೆ."

"ಹನ್ನೊಂದು ಊರಿನ ಹೋಟೆಲು ಅರೆದು ಕುಡಿದೋರು ನನ್ನ ಆಲೂಗಡ್ಡೆ ತಿಂತಿದ್ರಾ?"

"ನಾನು ಅಲ್ಲೆಲ್ಲೂ ತಿಂದಿಲ್ಲ ಕಣೇ. ಹೋಗಿ ಬಂದೋರ ಮುಖ ನೋಡಿ ಹೇಳ್ತಿದ್ದೆ."

"ಬಾಯಿಗಿಡದೆ ರುಚಿ ಹೇಳ್ತಿದ್ರಾ? ಯಾರ ಕಿವಿ ಮೇಲೆ ಹೂ ಇಡ್ತೀರಿ?" ಎಂದಳು. "ಜ್ವರ ಬಂದಾಗಲೂ ನಾಲ್ಕು ಗಂಟೆಗೆ ಎದ್ದಿದೀನಿ. ನಮ್ಮಮ್ಮ ಹೋದ ಮಾರನೇ ದಿನಾನೂ ಎದ್ದಿದೀನಿ. ಅದೆಲ್ಲ ಯಾರಿಗೆ ಅಂತ ಹೇಳಿ."

ರೈಟಣ್ಣ ಏನು ಹೇಳಿದರೂ ಅದು ಸುಳ್ಳಿನ ಹಾಗೇ ಕೇಳಿಸುತ್ತಿತ್ತು. ಎರಡು ದಿನ ಕಳೆದ ಮೇಲೆ ಅವನ ಬಸ್ಸಿನ ಡ್ರೈವರು ಮನೆಗೆ ಬಂದು, "ಅತ್ತಿಗೆ, ಅಣ್ಣ ಬಸ್ಸು ಬಿಟ್ಟು ಇಳೀತಾನೇ ಇರ್ಲಿಲ್ಲ," ಎಂದ. "ನೀವು ಇಳೀತಿದ್ರಾ?" ಎಂದು ಕೇಳಿದಳು. "ಹೂಂ, ಊಟಕ್ಕೆ ಹೋಗ್ತಿದ್ದೆ." "ಹೊರಗೆ ಊಟ ಮಾಡ್ತಿದ್ದೋರಿಗೆ ಒಳಗೆ ಕೂತವರು ಏನು ತಿಂದ್ರು ಅಂತ ಹೇಗೆ ಕಾಣುತ್ತೆ?" ಎಂದಳು. ಅವಳು ಕೊಟ್ಟ ಕಾಫಿಯನ್ನು ಡ್ರೈವರು ಅರ್ಧಕ್ಕೇ ಬಿಟ್ಟು ಎದ್ದ.

ಅವಳು ಜಗಳವಾಡಿದ್ದರೆ ವಾಸಿಯಿತ್ತು. ಹೊತ್ತು ಹೊತ್ತಿಗೆ ತಟ್ಟೆ ತಂದಿಡುತ್ತಿದ್ದಳು, ಅಷ್ಟೇ. ಮೂರನೇ ವಾರ ಡಬ್ಬಿಯನ್ನು ತಿಕ್ಕಿ ತೊಳೆದು ಹಳೇ ಪಾತ್ರೆಯವನಿಗೆ ಕೊಟ್ಟುಬಿಟ್ಟಳು. ಅದನ್ನು ಚೀಲಕ್ಕೆ ಹಾಕುವ ಸದ್ದು ಕೇಳಿ ರೈಟಣ್ಣ ಬಾಗಿಲ ತನಕ ಬಂದು ನಿಂತ. ಅವಳಿಗೆ ಹೇಳಿದ್ದು ಒಂದು ಮಾತೂ ಸುಳ್ಳಲ್ಲ, ಆದರೂ ಇಷ್ಟು ವರ್ಷದ ಸಂಸಾರ ಮಣ್ಣುಪಾಲಾಗುವ ಹಾಗೆ ಕಾಣುತ್ತಿತ್ತು.

"ಒಂದೇ ಒಂದು ದಿನ ನನ್ನ ಜೊತೆ ಬಾ. ಆ ನೀಲಿ ಬಾಗಿಲಿನ ಹೋಟೆಲಲ್ಲಿ ನೀನೇ ಕೇಳು," ಎಂದು ಬೇಡಿಕೊಂಡ.

"ಬರ್ತೀನಿ. ಆದ್ರೆ ನೀವು ಬಾಯಿ ಬಿಡಬಾರ್ದು. ಮೊದಲೇ ಫೋನ್ ಮಾಡಿ ಹೇಳಿಕೊಡಲೂ ಬಾರ್ದು."

"ಯಾರಿಗೆ ಮಾಡ್ಲಿ? ನನ್ನ ಹತ್ರ ನಂಬರೇ ಇಲ್ಲ."

ಮಾರನೇ ದಿನ ಆರೂವರೆ ಬಸ್ಸು ಹತ್ತಿದರು. ಡ್ರೈವರು ಅವತ್ತು ಮನೆಗೆ ಬಂದಿದ್ದವನೇ, ಕಂಡಕ್ಟರು ಹೊಸಬ. ಅವಳು ಕಿಟಕಿ ಪಕ್ಕ ಕೂತು, ಒಂದೊಂದು ಊರು ಬಂದಾಗಲೂ ಕತ್ತು ಚಾಚಿ ನೋಡುತ್ತಿದ್ದಳು. ಗಂಡನ ಬಸ್ಸಿನಲ್ಲಿ ಎರಡನೇ ಊರಿನ ಆಸ್ಪತ್ರೆ ದಾಟಿ ಅವಳು ಮುಂದೆ ಬಂದದ್ದು ಇದೇ ಮೊದಲು. ರೈಟಣ್ಣನಿಗೆ ಅದೊಂದೂ ತೋಚಲಿಲ್ಲ. ಕೋರ್ಟಿಗೆ ಹೊರಟವನ ಹಾಗೆ ಎದುರಿನ ಸೀಟಿನ ಕಂಬಿ ಹಿಡಿದು ಕೂತಿದ್ದ.

ಏಳನೇ ಊರಿನಲ್ಲಿ ಇಳಿದರು. ಹಿಂದಿನ ಗಲ್ಲಿ, ಚಪ್ಪಲಿ ಹೊಲಿಯುವವನು, ನೀಲಿ ಬಾಗಿಲು, ಎಲ್ಲ ಇತ್ತು. ಬಾಗಿಲು ಇಷ್ಟು ಗಿಡ್ಡ ಎಂದು ಅವನಿಗೆ ಗೊತ್ತಿರಲಿಲ್ಲ. ಹಣೆ ಬಡಿಸಿಕೊಂಡ. ಹೆಂಡತಿ ಅದನ್ನು ನೋಡಿದಳು.

ಒಳಗೆ ನಾಲ್ಕು ಮೇಜು, ಒಬ್ಬೊಬ್ಬರ ಬೆನ್ನು ಇನ್ನೊಬ್ಬರಿಗೆ ತಾಗುವಷ್ಟು ಹತ್ತಿರ. ಹೋಟೆಲಿನ ಒಡತಿ ದಪ್ಪಗೆ, ಬಿಳಿ ಕೂದಲು, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ರೈಟಣ್ಣನ ಮುಖ ನೋಡಿ, ಯಾರೋ ಅಪರಿಚಿತರನ್ನು ಕೇಳುವ ಹಾಗೆ, "ಬಸ್ಸಿನೋರಾ? ಬೇಗ ಕೊಡ್ತೀನಿ," ಎಂದಳು.

ಹೆಂಡತಿ ತಡಮಾಡಲಿಲ್ಲ. "ಈ ಬಸ್ಸಿಗೆ ರೈಟಣ್ಣ ಅಂತ ಒಬ್ರು ಕಂಡಕ್ಟರ್ ಇದ್ರಲ್ಲ, ಗೊತ್ತಾ ನಿಮಗೆ?"

"ಗೊತ್ತಿಲ್ಲದೆ ಏನು? ಅರ್ಧ ಗಿರಾಕಿಗಳು ಅವರ ಹೆಸರು ಹೇಳ್ಕೊಂಡೇ ಬರ್ತಾರೆ."

"ಇಲ್ಲೇ ಊಟ ಮಾಡ್ತಿದ್ರಾ?"

ಒಡತಿ ನಕ್ಕಳು. "ಎಲ್ಲಿ ಬಂತು. ಇವತ್ತಿನ ತನಕ ನಾನು ಅವರ ಮುಖ ನೋಡಿಲ್ಲ ತಾಯೀ. ಬಂದೋರ ಹತ್ರ ಎಷ್ಟು ಸಲ ಹೇಳಿ ಕಳಿಸಿದೀನಿ, ಒಂದಿನ ಬಂದು ಒಂದು ತುತ್ತು ತಿಂದು ಹೋಗಲಿ ಅಂತ. ಪ್ರತಿ ಸಲಾನೂ ಒಂದೇ ಉತ್ತರ. ಮನೆ ಡಬ್ಬಿ ಇದೆ ಅಂತೆ. ಆ ಹೆಂಡ್ತಿ ಕೈ ಅಡುಗೆ ಅದೆಷ್ಟು ರುಚಿ ಇರ್ಬೇಕು ಅಂತ ನಾನು ಹೊಟ್ಟೆಕಿಚ್ಚು ಪಟ್ಟಿದೀನಿ."

ಅಷ್ಟು ಹೇಳಿ ಒಳಗೆ ಹೋದಳು. ರೈಟಣ್ಣ ಉಸಿರು ಬಿಟ್ಟ. ಗೆದ್ದೆ ಎಂದುಕೊಂಡ. ಹೆಂಡತಿ ಮೇಜಿನ ಅಂಚನ್ನೇ ನೋಡುತ್ತಿದ್ದಳು, ಕಣ್ಣು ತುಂಬಿತ್ತು.

"ತಪ್ಪಾಯ್ತು," ಎಂದಳು.

"ಹೋಗ್ಲಿ ಬಿಡು."

ತಟ್ಟೆಗಳು ಬಂದವು. ಮೀನು ಇನ್ನೂ ಸದ್ದು ಮಾಡುತ್ತಿತ್ತು. ಅವಳು ಒಂದು ಚೂರು ಮುರಿದು ಬಾಯಿಗಿಟ್ಟಳು. ಅಗಿಯುವುದನ್ನು ನಿಲ್ಲಿಸಿದಳು. ಮತ್ತೊಂದು ಚೂರು ತಿಂದಳು, ಆಮೇಲೆ ಇನ್ನೊಂದು. ತನ್ನ ಅಡುಗೆ ಎಂಥದು ಎಂದು ಅವಳಿಗೆ ಗೊತ್ತಿಲ್ಲದೆ ಇರಲಿಲ್ಲ. ಇದು ಬೇರೆಯೇ. ಇಷ್ಟು ರುಚಿಯಾದದ್ದನ್ನು ಅವಳು ಎಂದೂ ತಿಂದಿರಲಿಲ್ಲ. ಕೈ ತಟ್ಟೆಯ ಮೇಲೇ ನಿಂತಿತು.

"ಒಂದು ಮಾತು ಕೇಳ್ತೀನಿ. ಸುಳ್ಳು ಹೇಳ್ಬಾರ್ದು."

"ಕೇಳು."

"ಹೊಸದಾಗಿ ಮದುವೆ ಆದೋರನ್ನ ಇಲ್ಲಿಗೆ ಕಳಿಸಿದ್ರಿ. ವಯಸ್ಸಾದೋರನ್ನ ಕಳಿಸಿದ್ರಿ. ಗುರುತು ಪರಿಚಯ ಇಲ್ಲದೋರಿಗೆಲ್ಲ ದಾರಿ ತೋರಿಸಿದ್ರಿ. ಮನೇಲಿ ಒಬ್ಬಳಿದಾಳೆ, ಅವಳನ್ನೂ ಒಂದಿನ ಕರ್ಕೊಂಡು ಬರೋಣ ಅಂತ ನಿಮಗೆ ಯಾವತ್ತಾದ್ರೂ ಅನ್ನಿಸ್ತಾ?"

ಹೇಳಬೇಕೆಂದರೆ ರೈಟಣ್ಣನ ಬಳಿ ನೂರು ನೆಪ ಇದ್ದವು. ರಜೆ ಸಿಗುತ್ತಿರಲಿಲ್ಲ, ಮಗಳು ಸಣ್ಣವಳಿದ್ದಳು, ಅದು ಇದು. ಒಂದೊಂದನ್ನೇ ನಾಲಿಗೆಯ ತುದಿಗೆ ತಂದು ನೋಡಿದ. ಯಾವುದೂ ನಿಜವಾದ ಕಾರಣವಲ್ಲ. ಡಬ್ಬಿಯನ್ನು ಒಂದು ದಿನವೂ ಬಿಡದೆ ಉಂಡದ್ದೇ ತನ್ನ ದೊಡ್ಡಸ್ತಿಕೆ ಎಂದು ತಿಳಿದಿದ್ದ. ಉಂಡದ್ದೇನೋ ನಿಜ. ಅದನ್ನು ಕಟ್ಟಿದವಳು ಆಮೇಲೆ ತಾನೇನು ಉಣ್ಣುತ್ತಿದ್ದಳು? ಪಾತ್ರೆಯ ತಳದಲ್ಲಿ ಉಳಿದ ಅದೇ ಅನ್ನ, ಅದೇ ಆಲೂಗಡ್ಡೆ, ಅಡುಗೆಮನೆಯಲ್ಲಿ ನಿಂತುಕೊಂಡು, ಒಬ್ಬಳೇ. ಅದನ್ನು ಅವನು ಒಂದು ಸಲವೂ ಕೇಳಿರಲಿಲ್ಲ.

"ಇಲ್ಲ ಕಣೇ. ಅನ್ನಿಸ್ಲೇ ಇಲ್ಲ," ಎಂದ.

ಅವಳು ತಲೆಯಾಡಿಸಿದಳು. ಆ ಉತ್ತರ ಅವಳಿಗೆ ನೋವು ಕೊಟ್ಟಿತು. ಆದರೂ ನಿಜ ಹೇಳಿದರಲ್ಲ ಎಂದು ಒಂದಿಷ್ಟು ಸಮಾಧಾನವೂ ಆಯಿತು. ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ತಟ್ಟೆಗೆ ಕೈ ಹಾಕಿದಳು.

ಒಡತಿ ನೀರು ತಂದಿಟ್ಟು, "ಆ ಕಂಡಕ್ಟರ್ ಸಿಕ್ಕಿದ್ರೆ ಹೇಳಿ ತಾಯೀ, ಹೆಂಡ್ತೀನಾದ್ರೂ ಒಂದಿನ ಕರ್ಕೊಂಡು ಬರಲಿ ಅಂತ," ಎಂದಳು.

ಬಾಯಿ ಬಿಡಬಾರದು ಎಂಬ ಒಪ್ಪಂದ ಇತ್ತು. ಆದರೂ ರೈಟಣ್ಣ ಎದ್ದು ನಿಂತ. "ನಾನೇ ಅಮ್ಮ ಆ ಕಂಡಕ್ಟರು. ಇವಳೇ ನನ್ನ ಹೆಂಡ್ತಿ. ಕರ್ಕೊಂಡು ಬರೋದಕ್ಕೆ ಇಪ್ಪತ್ತೇಳು ವರ್ಷ ಆಯ್ತು."

ಒಡತಿ ಕಕ್ಕಾಬಿಕ್ಕಿಯಾಗಿ ಅವನನ್ನು ಬಿಟ್ಟು ಅವಳ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡಳು. "ಅಂಥಾದ್ದು ಏನು ಹಾಕ್ತಿದ್ರಿ ತಾಯೀ ಆ ಡಬ್ಬೀಲಿ?"

"ಬೇಯಿಸಿದ ಆಲೂಗಡ್ಡೆ," ಎಂದಳು ಅವಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ, ಪಕ್ಕದ ಮೇಜಿನವರು ತಿರುಗಿ ನೋಡುವಷ್ಟು ನಕ್ಕರು.

ಅಷ್ಟರಲ್ಲಿ ಸ್ಟ್ಯಾಂಡಿನ ಕಡೆಯಿಂದ ಹಾರ್ನ್ ಕೇಳಿಸಿತು. ರೈಟಣ್ಣ ಅಭ್ಯಾಸಬಲದಿಂದ ಬಾಗಿಲ ಕಡೆಗೆ ಎರಡು ಹೆಜ್ಜೆ ಹಾಕಿಯೇಬಿಟ್ಟ. ಹೆಂಡತಿ ಕೂತಲ್ಲಿಂದ ಏಳಲಿಲ್ಲ.

"ಬಸ್ಸು ಹೊರಡುತ್ತೆ ಕಣೇ," ಎಂದ.

"ಹೊರಡಲಿ. ಇಷ್ಟು ವರ್ಷ ನಿಮ್ಮ ಬಸ್ಸಿನ ಟೈಮಿಗೆ ನಾನು ಎದ್ದೆ. ಇವತ್ತು ನನ್ನ ಊಟ ಮುಗಿಯೋ ತನಕ ನೀವು ಕೂತ್ಕೊಳ್ಳಿ."

ಅವನು ವಾಪಸ್ಸು ಬಂದು ಅವಳ ಎದುರಿಗೆ ಕೂತ.